ರಗ್ಬಿ ರೆಫರಿಗೆ ಎದುರುಮಾತು, ಬೇಕೆಂದೇ ಮಾಡಿದ ಫೌಲ್: ಕೊಡಗಿನ ಮೈದಾನಗಳಿಗೆ ಒಂದು ಸಮಗ್ರ ಮಾರ್ಗದರ್ಶಿ

ಹಾಕಿ ಅಂಪೈರಿಂಗ್‌ನಲ್ಲಿ ಪಳಗಿದವರು ರಗ್ಬಿ ಪಂದ್ಯಕ್ಕೆ ಸೀಟಿ ಹಿಡಿದಾಗ ಸ್ಕ್ರಮ್ (ಎರಡೂ ತಂಡದವರು ಬಾಗಿ, ಒತ್ತಾಗಿ ಸೇರಿ ತಳ್ಳಾಡುತ್ತ ಆಟ ಮರುಶುರು ಮಾಡುವುದು), ಲೈನ್‌ಔಟ್ (ಹೊರಹೋದ ಚೆಂಡನ್ನು ಎರಡು ಸಾಲುಗಳ ನಡುವೆ ಎಸೆಯುವುದು) ಇವುಗಳಲ್ಲಿ ಅಷ್ಟಾಗಿ ಎಡವುವುದಿಲ್ಲ. ಅವನ್ನು ಓದಿ, ನಾಲ್ಕು ಪಂದ್ಯ ನೋಡಿ ಕಲಿಯಬಹುದು. ಎಡವುವುದು ಆಟಗಾರ ತಿರುಗಿ ಮಾತಾಡಿದಾಗ, ಗೋಲ್ ಗೆರೆಯ ಹತ್ತಿರ ಒಬ್ಬ ಬೇಕೆಂದೇ ಚೆಂಡಿನ ಮೇಲೆ ಬಿದ್ದುಕೊಂಡಾಗ. ಮೊದಲ ಅರ್ಧದಲ್ಲಿ ನಗುನಗುತ್ತ ಸಾಗಿದ ಪಂದ್ಯ ಎರಡನೆಯ ಅರ್ಧದಲ್ಲಿ ಕೈಮೀರುತ್ತದೆ. ಆಮೇಲೆ ಕೇಳಿದರೆ ಎಲ್ಲರದ್ದೂ ಒಂದೇ ಉತ್ತರ: 'ಹುಡುಗರು ಮಾತು ಕೇಳಲಿಲ್ಲ.'

ಹುಡುಗರು ಕೇಳದೆ ಇರುವುದಕ್ಕೆ ಕಾರಣ ಸಾಮಾನ್ಯವಾಗಿ ರೆಫರಿಯ ಕ್ರಮ ತಪ್ಪಿರುವುದು. ವಿವರಣೆ ಮೊದಲು ಬಂದು ಶಿಕ್ಷೆ ಆಮೇಲೆ ಬರುತ್ತದೆ, ಅಥವಾ ಎಚ್ಚರಿಕೆ ಹತ್ತು ಸಲ ಬಂದು ಕಾರ್ಡ್ ಒಮ್ಮೆಯೂ ಬರುವುದಿಲ್ಲ. ಕೆಳಗಿನ ಹಂತಗಳನ್ನು ಇದೇ ಅನುಕ್ರಮದಲ್ಲಿ ಪಾಲಿಸಿ. ಒಂದನ್ನು ಹಾರಿಸಿದರೆ ಮುಂದಿನದು ಕೆಲಸ ಮಾಡುವುದಿಲ್ಲ.

ಹಂತ 1: ಜೇಬು, ಗಡಿಯಾರ, ಸಿನ್ ಬಿನ್ ಕುರ್ಚಿ

ಬೇಕಾದದ್ದು ಇಷ್ಟು: ಎರಡು ಸೀಟಿ, ಎರಡು ಗಡಿಯಾರ, ಟಾಸ್‌ಗೆ ನಾಣ್ಯ, ಹಳದಿ ಮತ್ತು ಕೆಂಪು ಕಾರ್ಡ್, ದಪ್ಪ ಕಾಗದದ ಒಂದು ಚೀಟಿ, ಪೆನ್ಸಿಲ್. ಪೆನ್ ಬೇಡ. ಮಳೆಗಾಲದ ಕೊಡಗಿನಲ್ಲಿ ಜೇಬಿನೊಳಗಿನ ಕಾಗದವೂ ನೆನೆಯುತ್ತದೆ, ನೆನೆದ ಕಾಗದದ ಮೇಲೆ ಪೆನ್ ಬರೆಯುವುದಿಲ್ಲ.

ಹಳದಿ ಕಾರ್ಡ್ ಒಂದು ಜೇಬಿನಲ್ಲಿ, ಕೆಂಪು ಇನ್ನೊಂದರಲ್ಲಿ ಇರಲಿ. ಎರಡನ್ನೂ ಒಟ್ಟಿಗೆ ಇಟ್ಟುಕೊಂಡು, ಎಲ್ಲರೂ ನೋಡುತ್ತಿರುವಾಗ ಹುಡುಕಾಡುವುದು ನೋಡಲು ಚೆನ್ನಾಗಿರುವುದಿಲ್ಲ. ಹಾಕಿಯಿಂದ ಬಂದವರು ಇನ್ನೊಂದು ಸಂಗತಿ ನೆನಪಿಡಬೇಕು: ರಗ್ಬಿಯಲ್ಲಿ ಹಸಿರು ಕಾರ್ಡ್ ಇಲ್ಲ. ಹಾಕಿಯಲ್ಲಿ ಎರಡು ನಿಮಿಷದ ಹಸಿರು, ಐದೋ ಹತ್ತೋ ನಿಮಿಷದ ಹಳದಿ ಎಂದು ಆಯ್ಕೆಗೆ ಜಾಗವಿದೆ. ಹದಿನೈದು ಜನರ ರಗ್ಬಿಯಲ್ಲಿ ಹಳದಿ ಎಂದರೆ ಹತ್ತು ನಿಮಿಷ, ಏಳು ಜನರ ಸೆವೆನ್ಸ್‌ನಲ್ಲಿ ಎರಡು ನಿಮಿಷ. ನಡುವೆ ಏನೂ ಇಲ್ಲ. ಹಸಿರು ಕಾರ್ಡ್ ಮಾಡುತ್ತಿದ್ದ ಕೆಲಸವನ್ನು ಇಲ್ಲಿ ನಿಮ್ಮ ಮಾತು, ನಾಯಕ ಮತ್ತು ಹತ್ತು ಮೀಟರ್ (ಪೆನಾಲ್ಟಿಯ ಗುರುತನ್ನು ಅಷ್ಟು ಮುಂದೆ ಒಯ್ಯುವ ಶಿಕ್ಷೆ, ಹಂತ 5 ನೋಡಿ) ಮಾಡಬೇಕು. ಆ ಮೂರನ್ನು ಬಳಸಲು ಬಾರದವರು ಒಂದೋ ಸುಮ್ಮನಿರುತ್ತಾರೆ, ಇಲ್ಲವೇ ನೇರವಾಗಿ ಹಳದಿ ಎತ್ತುತ್ತಾರೆ.

ಸಿನ್ ಬಿನ್‌ಗೆ, ಅಂದರೆ ಹಳದಿ ಕಾರ್ಡ್ ಪಡೆದವನು ಹೊರಗೆ ಕೂರುವ ಜಾಗಕ್ಕೆ, ಮಧ್ಯಗೆರೆಯ ಹತ್ತಿರ, ತಂಡದ ಬೆಂಚಿನಿಂದ ದೂರದಲ್ಲಿ ಒಂದು ಕುರ್ಚಿ ಹಾಕಿಸಿ. ಪಕ್ಕದಲ್ಲಿ ಸಮಯ ನೋಡುವವರೊಬ್ಬರು ಇರಬೇಕು. ಇದನ್ನು ಪಂದ್ಯ ಶುರುವಾಗುವ ಮೊದಲೇ ಮಾಡಿ. ಕಾರ್ಡ್ ಕೊಟ್ಟ ಮೇಲೆ ಕುರ್ಚಿ ಹುಡುಕಿದರೆ ಆ ಹುಡುಗ ತನ್ನ ಬೆಂಚಿಗೇ ಹೋಗಿ ಕುಳಿತು ಎಲ್ಲರನ್ನೂ ಕೆರಳಿಸುತ್ತಾನೆ.

ಟಚ್ ಜಡ್ಜ್‌ಗಳ, ಅಂದರೆ ಬಾವುಟ ಹಿಡಿದು ಸೈಡ್ ಗೆರೆ ಕಾಯುವವರ ವಿಚಾರ. ಆಯೋಜಕರು ಸಹಾಯಕ ರೆಫರಿಗಳನ್ನು ನೇಮಿಸಿದ್ದರೆ ಅವರು ಫೌಲ್ ಕಂಡಾಗ ಬಾವುಟವನ್ನು ಮೈದಾನದೊಳಕ್ಕೆ ಅಡ್ಡವಾಗಿ ಚಾಚಿ ತಿಳಿಸಬಹುದು. ತಂಡಗಳೇ ಒಬ್ಬೊಬ್ಬರನ್ನು ಕೊಟ್ಟಿದ್ದರೆ ಅವರಿಂದ ಚೆಂಡು ಗೆರೆ ದಾಟಿದ್ದನ್ನು ಮಾತ್ರ ಕೇಳಿ, ಫೌಲ್ ಬಗ್ಗೆ ಕೇಳಬೇಡಿ. ಹಾಕಿಯಲ್ಲಿ ಇಬ್ಬರು ಅಂಪೈರ್‌ಗಳು ಮೈದಾನವನ್ನು ಹಂಚಿಕೊಳ್ಳುತ್ತಾರೆ. ಇಲ್ಲಿ ಸೀಟಿ ಒಬ್ಬರದ್ದೇ. 'ಅದು ನನ್ನ ಕಡೆಯಲ್ಲ' ಎಂದು ಜಾರಿಕೊಳ್ಳಲು ಜಾಗವಿಲ್ಲ.

ಹಂತ 2: ನಾಯಕರೊಂದಿಗೆ ಮಾತು, ಸಂಬಂಧಗಳ ಲೆಕ್ಕ

ಟಾಸ್ ಹೊತ್ತಿಗೆ ಇಬ್ಬರು ನಾಯಕರಿಗೂ ಒಟ್ಟಿಗೆ ಹೇಳಬೇಕಾದದ್ದು ಮೂರು ಮಾತು. ನನ್ನ ಹತ್ತಿರ ಮಾತಾಡುವುದು ನಾಯಕ ಮಾತ್ರ. ಅದೂ ಆಟ ನಿಂತಾಗ, ಪ್ರಶ್ನೆಯ ರೂಪದಲ್ಲಿ. ಬೇರೆಯವರು ವಾದಿಸಿದರೆ ಹತ್ತು ಮೀಟರ್ ಮುಂದೆ ಹೋಗುತ್ತೇನೆ. ಇಷ್ಟೇ ಸಾಕು. ಐದು ನಿಮಿಷದ ಭಾಷಣ ಮಾಡಿದರೆ ಅವರಿಗೆ ಒಂದೂ ನೆನಪಿರುವುದಿಲ್ಲ, ಜೊತೆಗೆ ನೀವು ಮಾತುಗಾರರು, ಮಾತಿಗೆ ಎಳೆಯಬಹುದು ಎಂಬುದು ಗೊತ್ತಾಗುತ್ತದೆ.

ನಮ್ಮ ಜಿಲ್ಲೆಯದ್ದೇ ಆದ ತೊಡಕು ಇಲ್ಲಿಂದ ಶುರು. ವಿರಾಜಪೇಟೆಯಲ್ಲಿ ಆಡಿದರೂ, ಸೋಮವಾರಪೇಟೆಯಲ್ಲಿ ಆಡಿದರೂ, ರೆಫರಿಗೆ ಗುರುತಿಲ್ಲದ ತಂಡ ಸಿಗುವುದು ಅಪರೂಪ. ಒಬ್ಬ ಸೋದರಳಿಯ, ಇನ್ನೊಬ್ಬ ಪಕ್ಕದ ತೋಟದವನು, ಮತ್ತೊಬ್ಬನ ಅಪ್ಪನ ಜೊತೆ ನೀವು ಕೌಟುಂಬಿಕ ಹಾಕಿ ಆಡಿದ್ದೀರಿ. ಸಂಬಂಧವಿಲ್ಲದ ರೆಫರಿಯೇ ಬೇಕೆಂದು ಹಟ ಹಿಡಿದರೆ ಪಂದ್ಯವೇ ನಡೆಯುವುದಿಲ್ಲ. ಹತ್ತಿರದ ಸಂಬಂಧವಿದ್ದರೆ ಅದನ್ನು ಇಬ್ಬರು ನಾಯಕರ ಎದುರೂ ಮೊದಲೇ ಹೇಳಿಬಿಡಿ. ಮುಚ್ಚಿಟ್ಟದ್ದು ಎರಡನೆಯ ಅರ್ಧದಲ್ಲಿ ಪ್ರೇಕ್ಷಕರ ಬಾಯಿಂದ ಹೊರಬರುತ್ತದೆ.

ಮೈದಾನದೊಳಗೆ 'ಅಣ್ಣ', 'ಮಾವ', 'ಬಾವ' ಯಾವುದೂ ಬೇಡ. ಆಟಗಾರರು ನಿಮ್ಮನ್ನು 'ಸರ್' ಅಥವಾ 'ಮೇಡಂ' ಎನ್ನಲಿ, ನೀವು ಅವರನ್ನು ಜರ್ಸಿ ಸಂಖ್ಯೆಯಿಂದ ಕರೆಯಿರಿ. ಮನೆಹೆಸರು ಹಿಡಿದು ಕರೆದರೆ ಒಬ್ಬನ ತಪ್ಪು ಇಡೀ ಕುಟುಂಬದ ಮೇಲೆ ಬೀಳುತ್ತದೆ, ಗೆರೆಯ ಹೊರಗೆ ನಿಂತ ಚಿಕ್ಕಪ್ಪನಿಗೆ ಸಿಟ್ಟು ಬರುತ್ತದೆ. ಶಾಲಾ ಹುಡುಗರಿಗೆ 'ನೀನು' ಎಂದರೆ ಅಡ್ಡಿಯಿಲ್ಲ, ಆದರೆ ಎರಡೂ ತಂಡಗಳಿಗೆ ಅದೇ ಆಗಬೇಕು. ಒಂದು ತಂಡಕ್ಕೆ 'ನೀವು', ಇನ್ನೊಂದಕ್ಕೆ 'ನೀನು' ಎಂದಿರೋ, ನೀವು ಯಾವ ಕಡೆ ಎಂದು ಅಲ್ಲೇ ತೀರ್ಮಾನವಾಗಿಬಿಡುತ್ತದೆ.

ಭಾಷೆಯೂ ಹಾಗೆಯೇ. ಒಂದು ತಂಡದಲ್ಲಿ ಕೊಡವ ತಕ್ಕ್, ಅರೆಭಾಷೆ, ಮಲಯಾಳಂ, ತುಳು ಎಲ್ಲವೂ ಇರಬಹುದು. ತೀರ್ಪು ಮತ್ತು ಎಚ್ಚರಿಕೆ ಕನ್ನಡದಲ್ಲೇ ಹೇಳಿ. ಒಂದು ತಂಡದ ಮನೆಮಾತಿನಲ್ಲಿ ಎರಡು ಮಾತು ಹೆಚ್ಚಿಗೆ ಆಡಿದರೆ, ಅದು ಬರೀ 'ಹಿಂದೆ ಸರಿ' ಎಂದಿದ್ದರೂ, ಇನ್ನೊಂದು ತಂಡಕ್ಕೆ ಒಳಸಂಚಿನಂತೆ ಕೇಳಿಸುತ್ತದೆ.

ಹಂತ 3: ಸೀಟಿ ಊದಿದ ಮರುಕ್ಷಣ

ಹೆಚ್ಚಿನ ಎದುರುಮಾತು ಹುಟ್ಟುವುದು ಸೀಟಿಗೂ ಸನ್ನೆಗೂ ನಡುವಿನ ಖಾಲಿ ಜಾಗದಲ್ಲಿ. ಸೀಟಿ ಊದಿ ನೀವು ಯೋಚಿಸುತ್ತ ನಿಂತರೆ ಎರಡೂ ತಂಡಗಳು ನಿಮ್ಮ ಬದಲಿಗೆ ಯೋಚಿಸಲು ಶುರುಮಾಡುತ್ತವೆ.

ಕ್ರಮ ಹೀಗಿರಲಿ. ಸೀಟಿ, ಗಟ್ಟಿಯಾಗಿ. ಸೈಡ್ ಗೆರೆಗೆ ಸಮಾನಾಂತರವಾಗಿ ಭುಜ ತಿರುಗಿಸಿ, ಪೆನಾಲ್ಟಿ ಪಡೆದ ತಂಡದ ಕಡೆಗೆ ಕೈಯನ್ನು ಓರೆಯಾಗಿ ಮೇಲಕ್ಕೆ ಚಾಚುವುದು. ತಪ್ಪು ಯಾವುದೆಂಬ ಎರಡನೆಯ ಸನ್ನೆ. ಜರ್ಸಿಯ ಬಣ್ಣ, ಸಂಖ್ಯೆ, ತಪ್ಪು ಸೇರಿದ ಒಂದೇ ಒಂದು ಮಾತು: 'ಕೆಂಪು ಏಳು, ಆಫ್‌ಸೈಡ್.' ಪೆನಾಲ್ಟಿಯ ಜಾಗಕ್ಕೆ ಹೋಗಿ ಗುರುತು ತೋರಿಸುವುದು. ಅಲ್ಲಿಂದ ಸರಿದುಬಿಡುವುದು.

ಕೊನೆಯದನ್ನು ಬಹಳಷ್ಟು ಜನ ಮರೆಯುತ್ತಾರೆ. ಗುರುತು ತೋರಿಸಿ ಅಲ್ಲೇ ನಿಂತರೆ ತಪ್ಪು ಮಾಡಿದವನು ಮಾತಿಗೆ ಬರುತ್ತಾನೆ. ನೀವು ಮುಂದಿನ ಸ್ಥಾನಕ್ಕೆ ಓಡುತ್ತಿದ್ದರೆ ಅವನು ನಿಮ್ಮ ಬೆನ್ನಿಗೆ ಮಾತಾಡಬೇಕಾಗುತ್ತದೆ, ಅದರಲ್ಲಿ ಅವನಿಗೆ ರುಚಿಯಿಲ್ಲ.

ಸಾಮಾನ್ಯ ತಪ್ಪು: 'ಯಾಕೆಂದರೆ' ಎಂದು ಶುರುಮಾಡುವುದು. ಕಾರಣ ಹೇಳಿದಿರೆಂದರೆ ಪ್ರತಿಕಾರಣ ಬರುತ್ತದೆ. ದೈಹಿಕ ಶಿಕ್ಷಕರಿಗೆ ಇದು ಕಷ್ಟ, ಏಕೆಂದರೆ ವಿವರಿಸುವುದೇ ಅವರ ಉದ್ಯೋಗ. ತರಗತಿಯನ್ನು ಪಂದ್ಯ ಮುಗಿದ ಮೇಲೆ ನಡೆಸಿ.

ಹಂತ 4: ಯಾವುದು ಎದುರುಮಾತು, ಯಾವುದು ಅಲ್ಲ

ನಿಯಮದ ಮಾತು ಸ್ಪಷ್ಟವಾಗಿದೆ: ಆಟಗಾರರು ರೆಫರಿಯ ಅಧಿಕಾರವನ್ನು ಗೌರವಿಸಬೇಕು, ತೀರ್ಪನ್ನು ಪ್ರಶ್ನಿಸಿ ವಾದಿಸಬಾರದು, ಸೀಟಿ ಊದಿದ ತಕ್ಷಣ ಆಟ ನಿಲ್ಲಿಸಬೇಕು. ಆದರೆ ಬಾಯಿಂದ ಹೊರಟ ಎಲ್ಲ ಶಬ್ದವೂ ವಾದವಲ್ಲ. ಚೆಂಡು ಕೈಜಾರಿದವನು ತನ್ನನ್ನೇ ಬೈದುಕೊಳ್ಳುತ್ತಾನೆ. ಟ್ಯಾಕಲ್ ತಿಂದವನು ನೋವಿಗೆ ಕೂಗುತ್ತಾನೆ. ನಾಯಕ ಬಂದು 'ಸರ್, ಯಾವ ಆಟಗಾರ?' ಎಂದು ಕೇಳುತ್ತಾನೆ. ಇವಕ್ಕೆಲ್ಲ ಶಿಕ್ಷೆ ಕೊಡುವ ರೆಫರಿ ಬೇಗ ನಗೆಪಾಟಲಾಗುತ್ತಾನೆ.

ವಿಂಗಡಿಸಲು ಮೂರು ವಿಷಯ ನೋಡಿ. ಮಾತು ನಿಮ್ಮನ್ನು ಉದ್ದೇಶಿಸಿದ್ದೇ? ಸುತ್ತಲಿನವರು ಅದನ್ನು ಕಂಡರೇ, ಕೇಳಿದರೇ? ಅದು ಮರುಕಳಿಸುತ್ತಿದೆಯೇ? ಮೂರರಲ್ಲಿ ಎರಡಕ್ಕೆ ಹೌದು ಎಂದಾದರೆ ಅದು ಎದುರುಮಾತು.

ಬಾಯಿ ತೆರೆಯದೆಯೂ ವಾದ ಮಾಡಬಹುದು. ನಮ್ಮ ಮೈದಾನಗಳಲ್ಲಿ ಅದೇ ಹೆಚ್ಚು. ತೀರ್ಪು ಬಂದಾಗ ಎರಡೂ ಕೈ ಎತ್ತಿ ಬೀಸುವುದು, ವ್ಯಂಗ್ಯವಾಗಿ ಚಪ್ಪಾಳೆ ತಟ್ಟುವುದು, ಎದುರಾಳಿಗೆ ಕಾರ್ಡ್ ಕೊಡಿ ಎಂದು ಗಾಳಿಯಲ್ಲಿ ಕಾರ್ಡ್ ಎತ್ತಿ ತೋರಿಸುವುದು, ಚೆಂಡನ್ನು ನೆಲಕ್ಕೆ ಅಪ್ಪಳಿಸುವುದು, ಕೊಡಬೇಕಾದ ಚೆಂಡನ್ನು ಹಿಂದಕ್ಕೆ ಎಸೆಯುವುದು. ಪ್ರೇಕ್ಷಕರಿಗೆ ದೂರದಿಂದಲೂ ಕಾಣುವುದು ಇವೇ ಆದ್ದರಿಂದ ಇವು ಗೊಣಗಾಟಕ್ಕಿಂತ ಹೆಚ್ಚು ಕೆಡಿಸುತ್ತವೆ. ಕೆಸರುಗದ್ದೆಯ ಹಗ್ಗಜಗ್ಗಾಟದಲ್ಲಿ ಅಂಪೈರ್‌ಗೆ ತಮಾಷೆ ಮಾಡುವುದು ಆಟದ ಒಂದು ಭಾಗ, ಅಲ್ಲಿ ಯಾರೂ ಬೇಸರಿಸುವುದಿಲ್ಲ. ಆ ಸಲುಗೆಯನ್ನು ಇಲ್ಲಿಗೆ ತಂದವನಿಗೆ ಮೊದಲ ಸಲವೇ ತಿಳಿಯಬೇಕು.

ಬೇರೆ ಭಾಷೆಯಲ್ಲಿ ಗೊಣಗಿದರೆ? ನಿಮಗೆ ಅರ್ಥವಾದರೆ ಕನ್ನಡದಲ್ಲಿ ಹೇಳಿದಂತೆಯೇ ಪರಿಗಣಿಸಿ. ಅರ್ಥವಾಗದಿದ್ದರೆ ಊಹಿಸಿ ಶಿಕ್ಷಿಸಬೇಡಿ. ಧ್ವನಿ, ಕೈಸನ್ನೆ, ಮುಖ ನೋಡಿ ತೀರ್ಮಾನಿಸಿ.

ಬೈಗುಳ, ಬೆದರಿಕೆ, ಜಾತಿ-ಸಮುದಾಯ ಹಿಡಿದು ಆಡಿದ ಮಾತು, ರೆಫರಿಯ ಮೇಲೆ ಕೈಹಾಕುವುದು, ಇವು ಎದುರುಮಾತಿನ ಲೆಕ್ಕಕ್ಕೆ ಬರುವುದಿಲ್ಲ. ಅವಕ್ಕೆ ಮೆಟ್ಟಿಲು ಹತ್ತುವ ಕ್ರಮ ಬೇಡ. ಕೆಂಪು ಕಾರ್ಡ್.

ಹಂತ 5: ಮಾತು, ನಾಯಕ, ಹತ್ತು ಮೀಟರ್, ಕಾರ್ಡ್

ಮೊದಲ ಗೊಣಗಾಟಕ್ಕೆ ಓಡುತ್ತಲೇ ಒಂದು ಮಾತು: 'ಹನ್ನೆರಡು, ಸಾಕು.' ನಿಲ್ಲಬೇಡಿ, ಮುಖ ನೋಡಬೇಡಿ, ದನಿ ಏರಿಸಬೇಡಿ. ಆದರೆ ಹೇಳದೆ ಬಿಡಬೇಡಿ. ಹಗುರವಾದ ಮೊದಲ ಎದುರುಮಾತು ಮಳೆಗಾಲದ ಇಂಬಳದ ಹಾಗೆ, ಹತ್ತಿದ್ದು ತಿಳಿಯುವುದಿಲ್ಲ, ಕಾಲ್ಚೀಲ ಬಿಚ್ಚಿದಾಗ ರಕ್ತ ಕಾಣುತ್ತದೆ.

ಎರಡನೆಯ ಸಲ ಅಥವಾ ಅದೇ ತಂಡದ ಇನ್ನೊಬ್ಬ ಮಾತಾಡಿದಾಗ ಸಮಯ ನಿಲ್ಲಿಸಿ ನಾಯಕನನ್ನು ಕರೆಯಿರಿ. ನೀವು ಅವನ ಬಳಿಗೆ ಹೋಗಬೇಡಿ, ಅವನು ಬರಲಿ. ಉಳಿದವರನ್ನು ದೂರ ಕಳಿಸಿ. 'ನಿಮ್ಮ ಹನ್ನೆರಡು ಮತ್ತು ಒಂಬತ್ತು ವಾದಿಸುತ್ತಿದ್ದಾರೆ. ನೀವು ನಿಲ್ಲಿಸಿ. ಮುಂದಿನದಕ್ಕೆ ಹತ್ತು ಮೀಟರ್.' ನಾಯಕನಿಗೆ ಕೆಲಸ ಕೊಟ್ಟದ್ದರಿಂದ ಅರ್ಧ ಪಂದ್ಯಗಳಲ್ಲಿ ವಿಷಯ ಇಲ್ಲಿಗೇ ಮುಗಿಯುತ್ತದೆ. ನಾಯಕನೇ ಬಾಯಿಬಡುಕನಾಗಿದ್ದರೆ ಈ ಮೆಟ್ಟಿಲು ನಿಮಗಿಲ್ಲ, ನೇರ ಮುಂದಿನದಕ್ಕೆ ಹೋಗಿ.

ಹತ್ತು ಮೀಟರ್ ರಗ್ಬಿಯ ಅತ್ಯಂತ ಒಳ್ಳೆಯ ಉಪಕರಣ, ಆದರೆ ಹಾಕಿಯಿಂದ ಬಂದವರ ಕೈಗೆ ತಡವಾಗಿ ಬರುತ್ತದೆ. ಪೆನಾಲ್ಟಿ ಕೊಟ್ಟ ಮೇಲೆ ತಪ್ಪು ಮಾಡಿದ ತಂಡ ವಾದಿಸಿದರೆ, ಚೆಂಡು ಕೊಡದೆ ತಡೆದರೆ, ಹತ್ತು ಮೀಟರ್ ಹಿಂದೆ ಸರಿಯದೆ ತ್ವರಿತ ಟ್ಯಾಪ್ (ಚೆಂಡನ್ನು ಕಾಲಿಗೆ ತಾಕಿಸಿ ಕೂಡಲೇ ಆಟ ಶುರುಮಾಡುವುದು) ತಡೆದರೆ, ಮೊದಲ ಗುರುತಿಗಿಂತ ಹತ್ತು ಮೀಟರ್ ಮುಂದೆ ಹೊಸ ಪೆನಾಲ್ಟಿ ಕೊಡಬಹುದು. ಇದರ ತೂಕ ದೂರದಲ್ಲಿದೆ. ಗೋಲ್ ಗೆರೆಯಿಂದ 45 ಮೀಟರ್ ದೂರದಲ್ಲಿ ಕಾಲು ಎತ್ತಲು ಹಿಂಜರಿಯುವ ಒದೆಗಾರನಿಗೆ 35 ಮೀಟರ್‌ನಲ್ಲಿ ಮೂರು ಅಂಕ ಕಾಣಿಸುತ್ತದೆ. ವಾದಿಸಿದವನಿಗೆ ಅವನ ತಂಡದವರೇ ಬುದ್ಧಿ ಹೇಳುತ್ತಾರೆ, ನೀವು ಹೇಳಬೇಕಾಗಿಲ್ಲ.

ಇಲ್ಲಿ ಗಮನಿಸಬೇಕಾದ ಸಣ್ಣ ಸಂಗತಿಗಳಿವೆ. ಹೊಸ ಗುರುತು ಗೋಲ್ ಗೆರೆಯಿಂದ ಐದು ಮೀಟರ್ ಒಳಗೆ ಬರಬಾರದು. ಹೊಸ ಗುರುತಿನಿಂದ ಎದುರಾಳಿಗಳು ಮತ್ತೆ ಹತ್ತು ಮೀಟರ್ ಹಿಂದೆ ಸರಿಯಬೇಕು. ಪೆನಾಲ್ಟಿ ಪಡೆದ ತಂಡವೇ ಬಾಯಿ ಮಾಡಿದರೆ ಅಥವಾ ಸೇಡು ತೀರಿಸಿಕೊಳ್ಳಲು ಹೊಡೆದರೆ ಪೆನಾಲ್ಟಿಯನ್ನು ತಿರುಗಿಸಿ ಎದುರಾಳಿಗೆ ಕೊಡಿ. ಸ್ಕ್ರಮ್ ಕೊಟ್ಟಾಗ ವಾದಿಸಿದರೆ ಸ್ಕ್ರಮ್ ಹೋಗಿ ಪೆನಾಲ್ಟಿ ಬರುತ್ತದೆ. ವಾದಕ್ಕಾಗಿ ಶಿಕ್ಷಿಸುತ್ತಿದ್ದೀರಿ ಎಂದು ತಿಳಿಸುವ ಸನ್ನೆ: ಕೈ ಚಾಚಿ, ಮಾತಾಡುವ ಬಾಯಿಯಂತೆ ಬೆರಳುಗಳನ್ನು ತೆರೆದು ಮುಚ್ಚುವುದು. ಅದನ್ನು ಒಮ್ಮೆ ಮಾತ್ರ, ಗಂಭೀರವಾಗಿ ಮಾಡಿ. ಅಣಕದಂತೆ ಕಂಡರೆ ಬೆಂಕಿಗೆ ತುಪ್ಪ ಸುರಿದಂತೆ.

ಒಂದೇ ಪ್ರಸಂಗದಲ್ಲಿ ಹತ್ತು, ಮತ್ತೆ ಹತ್ತು, ಮತ್ತೆ ಹತ್ತು ಎಂದು ನಡೆಯುತ್ತ ಹೋಗಬೇಡಿ. ಹತ್ತು ಮೀಟರ್ ಆದ ಮೇಲೂ ಬಾಯಿ ನಿಲ್ಲದಿದ್ದರೆ ಹಳದಿ ಕಾರ್ಡ್. ಇದು ನನ್ನ ಖಚಿತ ಅಭಿಪ್ರಾಯ. ಮೈದಾನದುದ್ದಕ್ಕೂ ನಡೆಯುವ ರೆಫರಿಯನ್ನು ನೋಡಿ ಪ್ರೇಕ್ಷಕರು ಹೆಜ್ಜೆ ಎಣಿಸಲು ಶುರುಮಾಡಿದರೆ ಪಂದ್ಯ ಹೋಯಿತು.

ಹಂತ 6: ಬೇಕೆಂದೇ ಮಾಡಿದ್ದು ಎಂದು ಹೇಗೆ ತಿಳಿಯುವುದು

ಮನಸ್ಸಿನೊಳಗೆ ಇಣುಕುವುದು ನಿಮ್ಮ ಕೆಲಸವಲ್ಲ. 'ನಾನು ಬೇಕೆಂದು ಮಾಡಲಿಲ್ಲ ಸರ್' ಎಂದು ಎಲ್ಲರೂ ಹೇಳುತ್ತಾರೆ. ನೀವು ನೋಡಬೇಕಾದದ್ದು ದೇಹವನ್ನು: ಅವನಿಗೆ ಬೇರೇನು ಮಾಡಲು ಸಾಧ್ಯವಿತ್ತು, ಮಾಡಿದ್ದರಿಂದ ಏನು ಲಾಭವಾಯಿತು, ಎದುರಾಳಿಯಿಂದ ಏನು ಕಸಿದುಕೊಂಡ.

ಅತಿ ಹೆಚ್ಚು ಜಗಳ ತರುವುದು ನಾಕ್-ಆನ್. ಕೈ ತಗುಲಿ ಚೆಂಡು ಮುಂದೆ ಹೋದರೆ ಸ್ಕ್ರಮ್. ಬೇಕೆಂದೇ ಮುಂದೆ ತಳ್ಳಿದರೆ ಪೆನಾಲ್ಟಿ. ಹಿಡಿಯಲು ಹೋಗಿ ಕೈತಪ್ಪಿದ್ದು ಮತ್ತು ಹಿಡಿಯುವ ನ್ಯಾಯವಾದ ನಿರೀಕ್ಷೆ ಇದ್ದದ್ದು ಬೇಕೆಂದೇ ಮಾಡಿದ್ದಲ್ಲ ಎಂದು ನಿಯಮವೇ ಹೇಳುತ್ತದೆ. ಅಂಗೈ ನೋಡಿ. ಎರಡೂ ಕೈ ಚಾಚಿ, ಅಂಗೈ ಮೇಲ್ಮುಖವಾಗಿ ಅಥವಾ ಚೆಂಡಿನತ್ತ ತೆರೆದಿದ್ದರೆ ಹಿಡಿಯಲು ಹೋದದ್ದು. ಒಂದೇ ಕೈ, ಅಂಗೈ ಕೆಳಕ್ಕೆ, ಚೆಂಡನ್ನು ಬಡಿದ ಹಾಗೆ ಇದ್ದರೆ ತಡೆಯಲು ಹೋದದ್ದು. ಮಳೆಯಲ್ಲಿ, ಮಂಜಿನಲ್ಲಿ ಚೆಂಡು ಜಾರುತ್ತದೆ. ಅಂಥ ದಿನ ಎರಡು ಕೈ ಹಾಕಿದವನಿಗೆ ಅನುಮಾನದ ಲಾಭ ಕೊಡಿ. ಒಂದು ಕೈಯಲ್ಲಿ ಬಡಿದವನಿಗೆ ಮಳೆ ನೆಪವಾಗದು.

ಉಳಿದ ಬೇಕೆಂದೇ ಮಾಡುವ ತಪ್ಪುಗಳು ಹೆಚ್ಚಾಗಿ ರಕ್ (ನೆಲದ ಮೇಲಿನ ಚೆಂಡಿಗಾಗಿ ಎರಡೂ ತಂಡದವರು ನಿಂತು ತಳ್ಳಾಡುವ ಗುಂಪು) ಸುತ್ತ ಕಾಣುತ್ತವೆ. ಟ್ಯಾಕಲ್ ಮಾಡಿದವನು ಉರುಳಿ ಹೊರಹೋಗದೆ ಚೆಂಡಿನ ಮೇಲೆ ಮಲಗುವುದು, ರಕ್‌ನೊಳಗೆ ಕೈಹಾಕುವುದು, ಗುಂಪಿನಿಂದ ಚೆಂಡು ಎತ್ತಿ ಕೊಡುವ ಎದುರಾಳಿಯ ಸ್ಕ್ರಮ್ ಹಾಫ್‌ನ ತೋಳು ಹಿಡಿಯುವುದು, ಆಫ್‌ಸೈಡ್ ಗೆರೆಯನ್ನು ಕದ್ದು ಮುಂದೆ ನಿಲ್ಲುವುದು. ಸಾಗುತ್ತಿರುವ ಮೌಲ್‌ (ಚೆಂಡು ಹಿಡಿದು ನಿಂತವನ ಸುತ್ತ ಎರಡೂ ತಂಡದವರು ತಳ್ಳಾಡುವ ಗುಂಪು) ಅನ್ನು ಬೀಳಿಸುವುದು ಇವೆಲ್ಲಕ್ಕಿಂತ ಅಪಾಯಕಾರಿ. ಚೆಂಡನ್ನು ಕೈಯಿಂದ ಬೇಕೆಂದೇ ಹೊರಗೆಸೆಯುವುದು, ಸಮಯ ಹಾಳುಮಾಡುವುದು, ಎದುರಾಳಿ ಹೊಡೆದನೆಂದು ಸುಳ್ಳುಸುಳ್ಳೇ ಬೀಳುವುದೂ ಅನ್ಯಾಯದ ಆಟದ ಪಟ್ಟಿಯಲ್ಲೇ ಇವೆ. ಸಮಯ ಹಾಳುಮಾಡಿದ್ದಕ್ಕೆ ಪೆನಾಲ್ಟಿಗಿಂತ ಹಗುರವಾದ ಫ್ರೀ ಕಿಕ್, ಉಳಿದೆಲ್ಲಕ್ಕೂ ಪೆನಾಲ್ಟಿ.

ಕಾರ್ಡ್ ಬೇಕೋ ಬೇಡವೋ ಎಂಬುದನ್ನು ಜಾಗ ಹೇಳುತ್ತದೆ. ಮಧ್ಯಗೆರೆಯಲ್ಲಿ ಚೆಂಡಿನ ಮೇಲೆ ಮಲಗಿದವನಿಗೆ ಪೆನಾಲ್ಟಿ ಸಾಕು. ಅದೇ ಕೆಲಸವನ್ನು ತನ್ನ ಗೋಲ್ ಗೆರೆಯಿಂದ ಐದು ಮೀಟರ್‌ನಲ್ಲಿ, ಎದುರಾಳಿ ನುಗ್ಗಿ ಬರುತ್ತಿರುವಾಗ ಮಾಡಿದವನು ಮೂರು ಅಂಕ ಕೊಟ್ಟು ಏಳು ಅಂಕ ಉಳಿಸುವ ವ್ಯಾಪಾರ ಮಾಡಿದ್ದಾನೆ. ಆ ವ್ಯಾಪಾರ ಲಾಭದ್ದಾಗದಂತೆ ನೋಡಿಕೊಳ್ಳುವುದಕ್ಕೇ ಹಳದಿ ಕಾರ್ಡ್ ಇರುವುದು.

ಹಂತ 7: ಅಡ್ವಾಂಟೇಜ್ ಮೊದಲು, ಪೆನಾಲ್ಟಿ ಟ್ರೈ ಆಮೇಲೆ

ಫೌಲ್ ಕಂಡ ತಕ್ಷಣ ಸೀಟಿ ಊದಬೇಡಿ. ಚೆಂಡು ಇನ್ನೊಂದು ತಂಡದ ಕೈಯಲ್ಲಿದ್ದರೆ ಕೈಯನ್ನು ಸೊಂಟದ ಎತ್ತರದಲ್ಲಿ ಆ ತಂಡದ ಕಡೆ ಚಾಚಿ ಅಡ್ವಾಂಟೇಜ್ ಕೊಡಿ, ಅಂದರೆ ಅವರಿಗೆ ಲಾಭವಾಗುತ್ತದೆಯೇ ಎಂದು ನೋಡಲು ಆಟ ಮುಂದುವರಿಯಲಿ. ತಪ್ಪು ಮಾಡಿದವನ ಸಂಖ್ಯೆಯನ್ನು ಗಟ್ಟಿಯಾಗಿ ಹೇಳಿಕೊಳ್ಳಿ. ಹೇಳಿದರೆ ನಿಮಗೆ ಮರೆಯುವುದಿಲ್ಲ, ಅವನಿಗೆ ತಾನು ಸಿಕ್ಕಿಬಿದ್ದದ್ದು ಗೊತ್ತಾಗುತ್ತದೆ. ತಲೆ-ಕುತ್ತಿಗೆಗೆ ಪೆಟ್ಟಾಗಿದ್ದರೆ, ಹೊಡೆದಾಟ ಶುರುವಾಗುವಂತಿದ್ದರೆ ಮಾತ್ರ ಕಾಯಬೇಡಿ.

ಅಡ್ವಾಂಟೇಜ್‌ನಲ್ಲಿ ಟ್ರೈ (ಗೋಲ್ ಗೆರೆಯಾಚೆ ಚೆಂಡನ್ನು ನೆಲಕ್ಕೊತ್ತಿ ಅಂಕ ಗಳಿಸುವುದು) ಬಂದರೂ ಕಾರ್ಡ್ ಕೊಡುವ ಹಕ್ಕು ಉಳಿದಿರುತ್ತದೆ. 'ಅಂಕ ಬಂತಲ್ಲ, ಬಿಡಿ' ಎಂದು ಎರಡೂ ಬೆಂಚುಗಳು ಹೇಳುತ್ತವೆ. ಫೌಲ್ ಬೇಕೆಂದೇ ಮಾಡಿದ್ದಾಗಿದ್ದರೆ ಬಿಡಬೇಡಿ.

ಟ್ರೈ ತಪ್ಪಿಹೋಗಿದ್ದರೆ ತಲೆಯೊಳಗೆ ಹೀಗೆ ಲೆಕ್ಕ ಹಾಕಿ. ಫೌಲ್ ನಡೆಯಿತೇ? ತಪ್ಪು ಮಾಡಿದವನನ್ನು ಆ ಚಿತ್ರದಿಂದ ತೆಗೆದುಬಿಟ್ಟರೆ ಟ್ರೈ ಬರುವುದು ಬಹುಮಟ್ಟಿಗೆ ನಿಶ್ಚಿತವಾಗಿತ್ತೇ? 'ಬರಬಹುದಿತ್ತು' ಎಂಬುದು ಸಾಲದು. ಇನ್ನೊಬ್ಬ ರಕ್ಷಕ ತಲುಪುವಷ್ಟು ಹತ್ತಿರದಲ್ಲಿದ್ದರೆ ಪೆನಾಲ್ಟಿ ಮತ್ತು ಕಾರ್ಡ್. ಯಾರೂ ಇರಲಿಲ್ಲವೆಂದರೆ ಪೆನಾಲ್ಟಿ ಟ್ರೈ: ಗೋಲ್ ಕಂಬಗಳ ನಡುವೆ ಓಡಿಹೋಗಿ ಸೀಟಿ ಊದಿ. ಏಳು ಅಂಕ, ಟ್ರೈ ನಂತರ ಹೆಚ್ಚುವರಿ ಅಂಕಕ್ಕೆ ಒದೆಯುವ ಕನ್ವರ್ಷನ್ ಒದೆ ಇಲ್ಲ. ತಪ್ಪು ಮಾಡಿದವನಿಗೆ ಹಳದಿ ಅಥವಾ ಕೆಂಪು ಕಡ್ಡಾಯ. ಹಾಕಿಯ ಪೆನಾಲ್ಟಿ ಸ್ಟ್ರೋಕ್‌ನಲ್ಲಿ ಗೋಲ್‌ಕೀಪರ್‌ಗೆ ಇನ್ನೊಂದು ಅವಕಾಶವಿರುತ್ತದೆ. ಇಲ್ಲಿ ಅಂಕವೇ ನೇರವಾಗಿ ಹೋಗುವುದರಿಂದ ಹೊಸ ರೆಫರಿಗಳ ಕೈ ನಡುಗುತ್ತದೆ, ಬರೀ ಪೆನಾಲ್ಟಿ ಕೊಟ್ಟು ಪಾರಾಗುತ್ತಾರೆ. ಅನ್ಯಾಯಕ್ಕೊಳಗಾದ ತಂಡ ಅಲ್ಲಿಂದ ಮುಂದೆ ತಾನೇ ನ್ಯಾಯ ಮಾಡಲು ಹೊರಡುತ್ತದೆ.

ಹಂತ 8: ಪದೇ ಪದೇ ಮಾಡುವ ತಂಡ

ಐದು ಜನ ಸೇರಿ ಒಂದೇ ತಪ್ಪನ್ನು ಹಂಚಿಕೊಂಡು ಮಾಡಿದರೆ ಯಾರೊಬ್ಬರೂ ಎದ್ದು ಕಾಣುವುದಿಲ್ಲ. ಅದಕ್ಕೇ ಚೀಟಿ. ಪೆನಾಲ್ಟಿ ಕೊಟ್ಟಾಗಲೆಲ್ಲ ತಂಡ, ಸಂಖ್ಯೆ, ತಪ್ಪಿನ ಮೊದಲಕ್ಷರ ಗೀಚಿಕೊಳ್ಳಿ. ಒಂದೇ ತಪ್ಪು ಮರುಕಳಿಸುತ್ತಿದೆ ಎಂದು ಚೀಟಿ ತೋರಿಸಿದಾಗ ನಾಯಕನನ್ನು ಕರೆದು ಇಡೀ ತಂಡಕ್ಕೆ ಎಚ್ಚರಿಕೆ ಕೊಡಿ: ಯಾವ ತಪ್ಪು, ಮುಂದಿನ ಸಲ ಮಾಡಿದವನು ಯಾರೇ ಆಗಿರಲಿ ಹೊರಗೆ. ಆಮೇಲೆ ಅದೇ ತಪ್ಪು ಮಾಡಿದವನು ಅಂದಿನ ಅತ್ಯಂತ ಸೌಮ್ಯ ಹುಡುಗನಾಗಿದ್ದರೂ ಹೊರಗೆ ಕಳಿಸಲೇಬೇಕು. ಎಷ್ಟನೆಯದಕ್ಕೆ ಎಚ್ಚರಿಕೆ ಎಂದು ನಿಯಮ ಸಂಖ್ಯೆ ಕೊಟ್ಟಿಲ್ಲ. ಏಳು ನಿಮಿಷದ ಎರಡು ಅರ್ಧಗಳ ಸೆವೆನ್ಸ್‌ನಲ್ಲಿ ಎರಡನೆಯದಕ್ಕೇ ಕೊಡಿ, ತಾಳ್ಮೆಗೆ ಅಲ್ಲಿ ಸಮಯವಿಲ್ಲ.

ಹಂತ 9: ಕಾರ್ಡ್ ಎತ್ತುವ ಕ್ರಮ

ಸಮಯ ನಿಲ್ಲಿಸಿ. ಉಸಿರು ತೆಗೆದುಕೊಳ್ಳಿ. ಸಹಾಯಕ ರೆಫರಿ ಬಾವುಟ ಚಾಚಿದ್ದರೆ ಮೊದಲು ಅವರ ಹತ್ತಿರ ಹೋಗಿ ಕೇಳಿ. ಆಟಗಾರನನ್ನೂ ನಾಯಕನನ್ನೂ ಮಾತ್ರ ಕರೆಯಿರಿ, ಎರಡು ಹೆಜ್ಜೆ ದೂರದಲ್ಲಿ ನಿಲ್ಲಿಸಿ. ಬೆರಳು ತೋರಿಸಬೇಡಿ, ಭುಜದ ಮೇಲೆ ಕೈಹಾಕಬೇಡಿ. ಹೇಳಬೇಕಾದದ್ದು: ಸಂಖ್ಯೆ, ತಪ್ಪು, ಶಿಕ್ಷೆ. 'ನೀಲಿ ಆರು. ಗೋಲ್ ಗೆರೆಯ ಹತ್ತಿರ ಬೇಕೆಂದೇ ಚೆಂಡು ತಡೆದೆ. ಹತ್ತು ನಿಮಿಷ ಹೊರಗೆ.' ಆಮೇಲೆ ಕಾರ್ಡ್ ಎತ್ತರಕ್ಕೆ. 'ನನಗೆ ಬೇರೆ ದಾರಿ ಇಲ್ಲ ಮಗ' ಎಂಬ ಮಾತು ಬೇಡ, ಅದು ಕರುಣೆಯಂತೆ ಕಂಡರೂ ಚೌಕಾಶಿಗೆ ಬಾಗಿಲು ತೆರೆಯುತ್ತದೆ. ಅವನು ಗೆರೆ ದಾಟುವವರೆಗೆ ಕಾದು, ಬರೆದುಕೊಂಡು, ಪೆನಾಲ್ಟಿಯಿಂದ ಆಟ ಶುರುಮಾಡಿ.

ಹತ್ತು ನಿಮಿಷ ಎಂದರೆ ಆಡಿದ ಸಮಯದ ಲೆಕ್ಕ. ಆಟ ನಿಂತ ಹೊತ್ತು, ವಿರಾಮ ಅದರೊಳಗೆ ಸೇರುವುದಿಲ್ಲ. ಅವಧಿ ಮುಗಿದರೂ ಅವನು ತಾನಾಗಿ ಓಡಿಬರುವಂತಿಲ್ಲ. ಚೆಂಡು ಆಟದಿಂದ ಹೊರಗಿರುವಾಗ, ನಿಮ್ಮ ಅನುಮತಿಯಿಂದ ಬರಬೇಕು. ಎರಡನೆಯ ಹಳದಿ ಎಂದರೆ ಕೆಂಪು. ನಾಯಕನೇ ಹೊರಹೋದರೆ ಇನ್ನೊಬ್ಬ ನಾಯಕನನ್ನು ಕೂಡಲೇ ಕೇಳಿ ತಿಳಿದುಕೊಳ್ಳಿ, ಇಲ್ಲದಿದ್ದರೆ ಎಲ್ಲರೂ ನಾಯಕರಾಗುತ್ತಾರೆ. ಹದಿನೈದು ಜನರ ಆಟದಲ್ಲಿ ಸ್ಕ್ರಮ್‌ನ ಮೊದಲ ಸಾಲಿನ ಆಟಗಾರ ಹೊರಹೋದರೆ, ಸ್ಕ್ರಮ್‌ಗೆ ತರಬೇತಿ ಪಡೆದ ಬದಲಿ ಆಟಗಾರನಿದ್ದಾನೆಯೇ ಎಂದು ಮುಂದಿನ ಸ್ಕ್ರಮ್‌ಗೆ ಮೊದಲು ವಿಚಾರಿಸಿ. ತರಬೇತಿಯಿಲ್ಲದವನನ್ನು ಅಲ್ಲಿ ನಿಲ್ಲಿಸಬೇಡಿ, ಕುತ್ತಿಗೆಯ ಪ್ರಶ್ನೆ.

ಟಿವಿಯಲ್ಲಿ ಪಂದ್ಯ ನೋಡಿದ ಹುಡುಗರು 'ಕೆಂಪು ಕಾರ್ಡ್ ಆದರೆ ಇಪ್ಪತ್ತು ನಿಮಿಷದ ನಂತರ ಬೇರೆಯವನನ್ನು ಇಳಿಸಬಹುದು' ಎಂದು ಹೇಳುತ್ತಾರೆ. ಕೆಲವು ದೊಡ್ಡ ಸ್ಪರ್ಧೆಗಳಲ್ಲಿ ಆ ಪದ್ಧತಿ ಬಂದಿದೆ. ಟೂರ್ನಿಯ ನಿಯಮದಲ್ಲಿ ಬರೆದಿಲ್ಲದಿದ್ದರೆ ನಿಮ್ಮ ಮೈದಾನದಲ್ಲಿ ಅದಿಲ್ಲ. 2023ರ ವಿಶ್ವಕಪ್ ಫೈನಲ್‌ನಲ್ಲಿ ನ್ಯೂಜಿಲೆಂಡ್ ನಾಯಕ ಸ್ಯಾಮ್ ಕೇನ್‌ಗೆ ಮೊದಲು ಹಳದಿ ತೋರಿಸಿ, ವಿಡಿಯೊ ಪರಿಶೀಲನೆಯ ನಂತರ ಅದನ್ನು ಕೆಂಪಿಗೇರಿಸಲಾಯಿತು. ನಿಮಗೆ ಪರದೆಯ ಮುಂದೆ ಕೂತು ನೋಡುವ ಅಧಿಕಾರಿ ಇಲ್ಲ, ಆದ್ದರಿಂದ ಹಳದಿ ಕೊಟ್ಟು ಆಮೇಲೆ ಯೋಚಿಸುವ ಅನುಕೂಲವೂ ಇಲ್ಲ. ಬಣ್ಣ ನಿರ್ಧರಿಸಿಯೇ ಜೇಬಿಗೆ ಕೈಹಾಕಿ.

ಹಂತ 10: ಗೆರೆಯ ಹೊರಗಿನ ಬಾಯಿ

ಕೋಚ್, ಪೋಷಕರು, ಹಳೆಯ ಆಟಗಾರರು. ಅವರ ಜೊತೆ ನೀವು ನೇರವಾಗಿ ಮಾತಾಡುವುದೇ ಬೇಡ. ಆಟ ನಿಂತಾಗ ಆಯೋಜಕರನ್ನೋ ತಂಡದ ಮ್ಯಾನೇಜರನ್ನೋ ಕರೆದು, ಇಂಥವರನ್ನು ದೂರ ಕಳಿಸಿ, ಆಮೇಲೆ ಆಟ ಎಂದು ಹೇಳಿ. ಹಿರಿಯರು ಬಂದು ಮಾತಾಡಿಸಿದರೆ ಎದ್ದು ನಿಂತು ನಮಸ್ಕರಿಸಿ, ಪಂದ್ಯ ಮುಗಿದ ಮೇಲೆ ಮಾತಾಡೋಣ ಎನ್ನಿ. ವಿರಾಮದಲ್ಲಿ ಯಾವ ತಂಡದ ಕಡೆಯಿಂದಲೂ ಕಾಫಿ ಬೇಡ. ಇದು ನಮ್ಮೂರಲ್ಲಿ ಕಷ್ಟದ ಕೆಲಸ, ಗೊತ್ತು.

ಪಂದ್ಯ ಕೆಡುತ್ತಿದೆ ಎಂದು ಮೊದಲೇ ತಿಳಿಸುವ ಲಕ್ಷಣಗಳಿವೆ. ಚೆಂಡಿನಿಂದ ದೂರದಲ್ಲಿ ಜರ್ಸಿ ಎಳೆದಾಟ ಶುರುವಾಗುತ್ತದೆ. ಸೀಟಿ ಊದಿದ ಮೇಲೂ ಒಬ್ಬಿಬ್ಬರು ತಳ್ಳುತ್ತಲೇ ಇರುತ್ತಾರೆ. ನಾಯಕ ತನ್ನವರಿಗೆ ಹೇಳುವುದನ್ನು ಬಿಟ್ಟು ನಿಮಗೆ ಹೇಳಲು ತೊಡಗುತ್ತಾನೆ. ಬೆಂಚಿನಲ್ಲಿದ್ದವರು ಗೆರೆಯ ಹತ್ತಿರ ಬಂದು ನಿಲ್ಲುತ್ತಾರೆ. ಇವುಗಳಲ್ಲಿ ಎರಡು ಒಟ್ಟಿಗೆ ಕಂಡರೆ ಮುಂದಿನ ಸೀಟಿಯಲ್ಲೇ ಸಮಯ ನಿಲ್ಲಿಸಿ ಇಬ್ಬರು ನಾಯಕರನ್ನೂ ಒಟ್ಟಿಗೆ ಕರೆಯಿರಿ.

ಹಂತ 11: ವರದಿ

ಕೆಂಪು ಕಾರ್ಡ್ ಆಗಿದ್ದರೆ ಅದೇ ದಿನ ಬರೆಯಿರಿ. ಯಾವ ನಿಮಿಷ, ಅಂಕ ಎಷ್ಟಿತ್ತು, ಮೈದಾನದ ಯಾವ ಭಾಗ, ನೀವು ಎಷ್ಟು ದೂರದಲ್ಲಿದ್ದಿರಿ, ಏನು ಕಂಡಿರಿ. ಆಡಿದ ಮಾತಿಗಾಗಿ ಕಳಿಸಿದ್ದರೆ ಆ ಮಾತನ್ನು ಅವನು ಆಡಿದ ಭಾಷೆಯಲ್ಲೇ ಕನ್ನಡ ಲಿಪಿಯಲ್ಲಿ ಬರೆದು, ಕೆಳಗೆ ಅರ್ಥ ಕೊಡಿ. ಬೈಗುಳವೆಂದು ಸಂಕೋಚಪಟ್ಟು 'ಅವಾಚ್ಯ ಶಬ್ದ' ಎಂದಷ್ಟೇ ಬರೆದರೆ ಶಿಸ್ತು ಸಮಿತಿಗೆ ತೂಗಲು ಏನೂ ಸಿಗುವುದಿಲ್ಲ. ಕಂಡದ್ದು, ಕೇಳಿದ್ದು ಮಾತ್ರ ಇರಲಿ. ಆ ಹುಡುಗ ಎಂಥವನು, ಅವನ ಮನೆಯವರು ಎಂಥವರು ಎಂಬುದು ಬೇಡ. ಸಹಿ ಹಾಕಿ ಆಯೋಜಕರ ಕೈಗೇ ಕೊಡಿ, ಒಂದು ಪ್ರತಿ ನಿಮ್ಮಲ್ಲಿರಲಿ, ವಾಟ್ಸಾಪ್ ಗುಂಪಿಗೆ ಅದರ ಫೋಟೊ ಹಾಕಬೇಡಿ.